ಎದುರಿನವರ ಮಾತು ಕೇಳದ ಚರ್ಚೆ

ಕರ್ನಾಟಕದಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ನಾನೂ ಒಂದೆರಡು ಬಹುಮಾನ ಗೆದ್ದಿದ್ದೇನೆ. ಈಗ ನೆನೆದರೆ ನಗು ಬರುತ್ತದೆ. "ಮಾನ್ಯ ತೀರ್ಪುಗಾರರೇ, ಗುರುವೃಂದದವರೇ" ಎಂದು ಶುರು ಮಾಡಿ, ಬಾಯಿಪಾಠ ಒಪ್ಪಿಸಿ ಇಳಿದರೆ ಮುಗಿಯಿತು. ನನಗಿಂತ ಮೊದಲು ವಿರೋಧವಾಗಿ ಮಾತಾಡಿದವಳು ಏನು ಹೇಳಿದಳು? ಯಾರಿಗೆ ಗೊತ್ತು! ಆಗ ನಾನು ನನ್ನ ಮೂರನೇ ಪ್ಯಾರಾ ಮೆಲುಕು ಹಾಕುತ್ತಿದ್ದೆ.

ಈಗ ಹೊರದೇಶದಲ್ಲಿ ಮಗಳ ತರಗತಿಯ ಚರ್ಚೆಗೆ ಆಗಾಗ ಗಡಿಯಾರ ಹಿಡಿದು ಕೂರುತ್ತೇನೆ. ಅವರದು ವರ್ಲ್ಡ್ ಸ್ಕೂಲ್ಸ್ ಪದ್ಧತಿ, ಅಂದರೆ ಶಾಲಾಮಕ್ಕಳ ಅಂತರರಾಷ್ಟ್ರೀಯ ಚರ್ಚಾಸ್ಪರ್ಧೆಯಲ್ಲಿ ಬಳಸುವ ಕ್ರಮ. ಒಂದು ತಂಡದಿಂದ ಮೂವರು, ತಲಾ 8 ನಿಮಿಷ. ಕೊನೆಗೆ ತಂಡಕ್ಕೊಂದು 4 ನಿಮಿಷದ ಮರುಭಾಷಣ, ಅಂದರೆ ಆದ ಚರ್ಚೆಯನ್ನು ತೂಗಿ ನಾವೇಕೆ ಗೆದ್ದೆವು ಎಂದು ಹೇಳುವ ಮಾತು. ಅದರಲ್ಲಿ ಹೊಸ ವಾದ ಎತ್ತುವಂತಿಲ್ಲ. ಮೂರನೆಯವರಿಗಂತೂ ಎದುರಿನವರಿಗೆ ಉತ್ತರ ಕೊಡುವುದೇ ಮುಖ್ಯ ಕೆಲಸ. ಮಾತಿನ ಮಧ್ಯೆ ಎದುರಾಳಿ ಎದ್ದು ನಿಂತು ಪ್ರಶ್ನೆ ಕೇಳಬಹುದು, ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು. ಪ್ರಶ್ನೆ ತೆಗೆದುಕೊಳ್ಳುವುದು, ಬಿಡುವುದು ಮಾತಾಡುವವರ ಇಷ್ಟ. ಆದರೆ ಒಂದನ್ನೂ ತೆಗೆದುಕೊಳ್ಳದಿದ್ದರೆ ಹೆದರಿದ್ದಾರೆ ಅಂತಲೇ ಲೆಕ್ಕ.

ಹಾಗಂತ ಇವರದೇ ದೊಡ್ಡದು ಎನ್ನಲಾರೆ. ನಮ್ಮಲ್ಲಿ ಮೈಕ್ ಇಲ್ಲದೆಯೂ ಕೊನೆಯ ಬೆಂಚಿಗೆ ಕೇಳುವಂತೆ ಮಾತಾಡಲು ಕಲಿಸಿದರು. ಇಲ್ಲಿನ ಕೆಲವು ಮಕ್ಕಳು ತಲೆ ತಗ್ಗಿಸಿ, ರೈಲು ಬಿಟ್ಟ ಹಾಗೆ ಓದಿಕೊಂಡು ಹೋಗುತ್ತಾರೆ. ಈ ಪದ್ಧತಿಯ ಅಂಕಗಳಲ್ಲಿ ವಿಷಯಕ್ಕೆ 40, ಹೇಳುವ ರೀತಿಗೂ 40, ತಂತ್ರಕ್ಕೆ, ಅಂದರೆ ವಾದ ಜೋಡಿಸುವ, ಸಮಯ ಹಂಚಿಕೊಳ್ಳುವ ಜಾಣ್ಮೆಗೆ, 20. ಹೇಳುವ ರೀತಿಯ ಆ 40ರಲ್ಲಿ ನಮ್ಮ ಕಡೆಯ ಮಕ್ಕಳು ಹಿಂದೆ ಬೀಳುವುದಿಲ್ಲ ಅನಿಸುತ್ತದೆ.

ನಮ್ಮ ಮೇಷ್ಟ್ರುಗಳು ಇದನ್ನು ಹಾಗೇ ಎತ್ತಿಕೊಂಡರೆ ಕೆಡುತ್ತದೆ. ಲೆಕ್ಕ ಹಾಕಿ: ಆರು ಜನಕ್ಕೆ 48 ನಿಮಿಷ, ಮರುಭಾಷಣಕ್ಕೆ 8. ಒಂದು ಪೀರಿಯಡ್ ಸಾಲುವುದಿಲ್ಲ. ತಲಾ 3 ನಿಮಿಷ, ಮರುಭಾಷಣ 2 ನಿಮಿಷ ಇಟ್ಟರೆ 22ಕ್ಕೆ ಮುಗಿಯುತ್ತದೆ. ಉಳಿದ ಮಕ್ಕಳು ಸುಮ್ನೆ ಕೂತರೆ ಗಲಾಟೆ ಗ್ಯಾರಂಟಿ, ಅಲ್ವಾ? ಅವರ ಕೈಗೂ ಹಾಳೆ ಕೊಡಿ. ಎಡಗಡೆ ಪರದವರ ವಾದ, ಎದುರಿಗೆ ವಿರೋಧದವರ ಉತ್ತರ. ಉತ್ತರ ಬರದ ವಾದದ ಮುಂದೆ ಜಾಗ ಖಾಲಿ ಉಳಿಯುತ್ತದೆ. ಯಾರು ಗೆದ್ದರು ಎಂದು ಅವರೇ ಆ ಹಾಳೆ ನೋಡಿ ಹೇಳಲಿ. ಪರವೋ ವಿರೋಧವೋ ಎನ್ನುವುದನ್ನು ನಾಣ್ಯ ಚಿಮ್ಮಿ ಹಂಚಿ. ಇಷ್ಟದ ಪಕ್ಷ ಕೊಟ್ಟರೆ ಮತ್ತೆ ಹಳೇ ಭಾಷಣವೇ.

ಇಷ್ಟೂ ಆಗದಿದ್ದರೆ ಒಂದೇ ನಿಯಮ ತನ್ನಿ. ಮೊದಲನೆಯವರನ್ನು ಬಿಟ್ಟು ಎಲ್ಲರೂ "ಅವರು ಹೇಳಿದ್ದು ಇದು, ನಾನು ಒಪ್ಪದಿರುವುದು ಇದಕ್ಕೆ" ಎಂದೇ ಶುರು ಮಾಡಬೇಕು. ಬಾಯಿಪಾಠ ಅಲ್ಲೇ ಕೈಕೊಡುತ್ತದೆ. ಮೊದಮೊದಲು ತಡವರಿಸುತ್ತಾರೆ. ತಡವರಿಸಲಿ ಬಿಡಿ.