ಸತ್ಯಾಂಶ: ಸಿಡಿಲು ಬಡಿದವರನ್ನು ಮುಟ್ಟಬಾರದೇ?

ಭರಣಿ ಮಳೆಯ ಗುಡುಗು ಶುರುವಾದರೆ ಸಾಕು, ಚಳ್ಳಕೆರೆ, ಜಗಳೂರು ಕಡೆಯ ಮೊಬೈಲುಗಳಿಗೆ ಹಳೆಯ ಸಂದೇಶವೊಂದು ಮತ್ತೆ ಬರುತ್ತದೆ: ‘ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುತ್ತದೆ, ಮುಟ್ಟಬೇಡಿ, ಕುತ್ತಿಗೆಯವರೆಗೆ ಸಗಣಿಯಲ್ಲಿ ಹೂತರೆ ಜೀವ ಬರುತ್ತದೆ.’ ಎರಡೂ ಸುಳ್ಳು.

ಸಿಡಿಲಿನ ವಿದ್ಯುತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಹರಿದುಹೋಗುತ್ತದೆ. ದೇಹವು ಅದನ್ನು ಹಿಡಿದಿಟ್ಟುಕೊಳ್ಳದ ಕಾರಣ ಬಿದ್ದವರನ್ನು ತಕ್ಷಣ ಮುಟ್ಟಬಹುದು, ಮುಟ್ಟಲೇಬೇಕು. (ತುಂಡಾದ ವಿದ್ಯುತ್ ತಂತಿ ತಗುಲಿದ್ದರೆ ಮಾತು ಬೇರೆ.) ಸ್ಥಳದಲ್ಲೇ ಸಂಭವಿಸುವ ಸಾವಿಗೆ ಮುಖ್ಯ ಕಾರಣ ಹೃದಯ ಹಾಗೂ ಉಸಿರು ಒಮ್ಮೆಲೇ ನಿಲ್ಲುವುದು, ಸಗಣಿ ಹೊಂದಿಸುವ ಕೆಲವೇ ನಿಮಿಷಗಳಲ್ಲಿ ಆಮ್ಲಜನಕವಿಲ್ಲದೆ ಮೆದುಳು ಹಾಳಾಗುತ್ತದೆ. 108ಕ್ಕೆ ಕರೆ ಮಾಡಿಸಿ, ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನೆರವು ಬರುವವರೆಗೂ ಒತ್ತುತ್ತಿರಬೇಕು.

ಹನಿ ಬೀಳುತ್ತಲೇ ಕುರಿ ಕಾಯುವವರು ಕಂಬಳಿಕೊಪ್ಪೆ ಹೊದ್ದು ಬಯಲಿನ ಒಂಟಿ ಹುಣಸೆ ಮರದಡಿ ನಿಲ್ಲುವುದು ಇಲ್ಲಿ ಸಾಮಾನ್ಯ ದೃಶ್ಯ. ಅಂತಹ ಮರದಡಿಯೇ ಬಲು ಅಪಾಯದ ಜಾಗ. ಗುಡುಗು ಕೇಳಿಸಿದೊಡನೆ ಗಟ್ಟಿ ಕಟ್ಟಡವನ್ನೋ ಗಾಜು ಏರಿಸಿದ ಕಾರನ್ನೋ ಸೇರಿ, ಕೊನೆಯ ಗುಡುಗಿನ ನಂತರವೂ 30 ನಿಮಿಷ ಒಳಗೇ ಇರಬೇಕು. ಹೊಲಕ್ಕೆ ಹೊರಡುವ ಮುನ್ನ ‘ದಾಮಿನಿ’ ಆ್ಯಪ್‌ನಲ್ಲಿ ಸುತ್ತಲಿನ ಸಿಡಿಲಿನ ಎಚ್ಚರಿಕೆಯನ್ನು ನೋಡಿಕೊಳ್ಳಬಹುದು.