ಮಳೆಕಾಡಿಗೆ ಹೋಗೋಣ, ಮಳೆ ಇಲ್ಲದ ಶನಿವಾರ ನೋಡಿ

ಪಶ್ಚಿಮ ಘಟ್ಟದ ಮಳೆಕಾಡಿಗೆ ಹೊರಡೋರು ಮೊದಲು ತೆಗೆದು ನೋಡೋದು ಮೊಬೈಲ್‌ನಲ್ಲಿ ಹವಾಮಾನ. ಶನಿವಾರ ಮಳೆ ಅಂತ ತೋರಿಸಿದರೆ ಗ್ರೂಪ್‌ನಲ್ಲಿ ಅಳುವ ಮುಖಗಳು ಬೀಳುತ್ತವೆ. ‘ಛೆ, ಮಳೆ ಬರುತ್ತಂತೆ ಗುರೂ, ಮುಂದಿನ ವಾರ ನೋಡೋಣ.’ ಮುಂದಿನ ವಾರವೂ ಮಳೆ. ಅದರ ಮುಂದಿನ ವಾರವೂ ಅಷ್ಟೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿಗೆ ಹೆಚ್ಚುಕಡಿಮೆ ಏಳು ವರ್ಷಕ್ಕೆ ಬೀಳೋದು ಅಲ್ಲಿ ಒಂದೇ ವರ್ಷಕ್ಕೆ. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಶನಿವಾರ, ಭಾನುವಾರ ರಜೆ ಅಂತ ಮೋಡಗಳಿಗೆ ಯಾರೂ ಹೇಳಿಲ್ಲ.

ಸರಿ, ಮಳೆ ಇಲ್ಲದಾಗ ಹೋಗೋಣ ಅಂದುಕೊಳ್ಳಿ. ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ, ಕಾಡ್ಗಿಚ್ಚಿನ ಭಯಕ್ಕೆ ಚಾರಣ ಬಂದ್. ಹಾಗಾದರೆ ಮಳೆಗಾಲದಲ್ಲೇ ಹೋಗೋಣ ಅಂದರೆ, ಮಳೆ ಜೋರಾದ ಕೂಡಲೇ ಗುಡ್ಡ ಕುಸಿಯೋ ಭಯಕ್ಕೆ ಮತ್ತೆ ಬಂದ್. ಎರಡೂ ನ್ಯಾಯವಾದ ಕಾರಣವೇ. ಆದರೆ ಒಟ್ಟು ಲೆಕ್ಕ ನೋಡಿ. ಮಳೆ ಬಂದರೂ ಮುಚ್ಚಿರುತ್ತದೆ, ಬರದಿದ್ದರೂ ಮುಚ್ಚಿರುತ್ತದೆ. ನಡುವೆ ಉಳಿಯೋ ಒಂದಷ್ಟು ವಾರಾಂತ್ಯಗಳ ಮೇಲೆ ಇಡೀ ಬೆಂಗಳೂರಿನ ಕಣ್ಣು.

ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನೇ ತಗೊಳ್ಳಿ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಮೂರು ಜಿಲ್ಲೆಗೆ ಹರಡಿದ ಸುಮಾರು 600 ಚದರ ಕಿಲೋಮೀಟರ್ ಕಾಡು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋದು ಇಲ್ಲೇ. ಸಿಂಗಳೀಕ ಇದೆ, ಹುಲಿ ಇದೆ, ಕಾಟಿ (ಕಾಡುಕೋಣ) ಇದೆ. ಇಷ್ಟೆಲ್ಲ ಇದ್ದೂ ಈ ಕಾಡಿನಲ್ಲಿ ಅತಿ ಅಪರೂಪದ ಜೀವಿ ಯಾವುದು ಗೊತ್ತಾ? ಶನಿವಾರದ ಟಿಕೆಟ್. ಶಿಖರದ ಚಾರಣಕ್ಕೆ ದಿನಕ್ಕೆ 300 ಜನ ಅಂತ ಮಿತಿ. ಬುಕಿಂಗ್ ಆನ್‌ಲೈನ್‌ನಲ್ಲಿ. ಹಾಗಾಗಿ ಚಾರಣ ಶುರುವಾಗೋದು ಈಗ ಬೆಟ್ಟದ ಬುಡದಲ್ಲಿ ಅಲ್ಲ, ಮನೆಯ ಸೋಫಾ ಮೇಲೆ. ಒಬ್ಬ ಲ್ಯಾಪ್‌ಟಾಪ್ ಹಿಡಿದಿರುತ್ತಾನೆ, ಇನ್ನೊಬ್ಬ ಎಲ್ಲರ ಆಧಾರ್ ನಂಬರ್ ಓದುತ್ತಾನೆ, ಮೂರನೆಯವನು ಒಟಿಪಿಗೆ ಕಾಯುತ್ತಾನೆ. ತತ್ಕಾಲ್ ಟಿಕೆಟ್ ಮಾಡಿ ಅನುಭವ ಇದ್ದವರಿಗೆ ಇಲ್ಲಿ ಭಾರೀ ಮರ್ಯಾದೆ. ಮನೆಯ ಹಿರಿಯರು ಇದನ್ನೆಲ್ಲ ನೋಡಿ, ‘ಅಲ್ವೋ, ಕಾಡಲ್ಲಿ ಆಧಾರ್ ಯಾರಿಗೋ ತೋರಿಸ್ತೀಯ? ಕಾಟಿಗಾ?’ ಅಂತ ಕೇಳುತ್ತಾರೆ. ಅವರಿಗೇನು ಗೊತ್ತು.

ಬುಕ್ ಆದ ಮೇಲೆ ಅದನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಚಾರಣ ಶುರುವಾಗೋ ಮುಳ್ಳೋಡಿ ಕಡೆ ನೆಟ್‌ವರ್ಕ್ ಸಿಗೋದೇ ಕಷ್ಟ. ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವನಿಗೆ ಅವನ ಮನೆ ಹಿಂದಿನ ಗುಡ್ಡ ಹತ್ತೋ ಆಸೆ ಬಂದರೆ, ಪಾಪ, ಅವನೂ ಸಿಗ್ನಲ್ ಇರೋ ಊರಿಗೆ ಇಳಿದು ಬುಕ್ ಮಾಡಬೇಕು. ಅಷ್ಟರಲ್ಲಿ ಕೋರಮಂಗಲದವರು 300 ಸೀಟೂ ತುಂಬಿರುತ್ತಾರೆ.

ಮಿತಿ ಹಾಕಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಅದು ಬಂದದ್ದು ಹೇಗೆ ಅಂತ ನೆನಪಿದೆ ತಾನೇ? 2024ರ ಜನವರಿ, ಗಣರಾಜ್ಯೋತ್ಸವದ ರಜೆ. ಪುಷ್ಪಗಿರಿ ಅಭಯಾರಣ್ಯದ ಕುಮಾರಪರ್ವತದ ಮೇಲೆ ಜನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತ ಫೋಟೋಗಳು ಊರೆಲ್ಲ ಓಡಾಡಿದವು. ‘ಅಯ್ಯೋ, ಎಷ್ಟು ಜನ! ಪ್ರಕೃತಿ ಹಾಳಾಯ್ತು!’ ಅಂತ ಎಲ್ಲರೂ ಮರುಗಿದರು. ಆ ಫೋಟೋ ತೆಗೆದವರೂ ಅದೇ ಸಾಲಿನಲ್ಲೇ ನಿಂತಿದ್ದರು ಅನ್ನೋದನ್ನು ಯಾರೂ ಕೇಳಲಿಲ್ಲ. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಬರೋವರೆಗೂ ಚಾರಣ ಬಂದ್ ಅಂದರು. ಕೆಲವು ತಿಂಗಳು ಬೆಟ್ಟಗಳಿಗೆ ಭಾನುವಾರ ರಜೆ ಸಿಕ್ಕಿತು.

ಟಿಕೆಟ್ ಆಯ್ತು. ಇನ್ನು ಉಳಿಯೋಕೆ ಜಾಗ. ಕಳಸ, ಸಂಸೆ ಸುತ್ತಮುತ್ತ ಹೋಂಸ್ಟೇ ನಡೆಸೋರ ತಾಳ್ಮೆಗೆ ಸರ್ಕಾರ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಅಲ್ಲಿಗೆ ಬರೋ ಫೋನ್ ಕರೆಗಳನ್ನು ಸ್ವಲ್ಪ ಊಹಿಸಿಕೊಳ್ಳಿ.

‘ಹಲೋ, ನಮಗೆ ಪಕ್ಕಾ ಕಾಡಿನ ಒಳಗೇ ಇರೋ ರೂಮ್ ಬೇಕು.’

‘ಉಂಟು ಸಾರ್.’

‘ಕಾರು ರೂಮ್ ಬಾಗಿಲವರೆಗೂ ಬರುತ್ತಾ?’

‘ಕೊನೆಗೆ ಸ್ವಲ್ಪ ಜೀಪ್ ರಸ್ತೆ ಸಾರ್.’

‘ವೈಫೈ?’

‘ಕರೆಂಟ್ ಇದ್ದರೆ ಉಂಟು.’

‘ರಾತ್ರಿ ಜೀರುಂಡೆ ಸೌಂಡ್ ಜಾಸ್ತಿ ಇರುತ್ತಂತಲ್ಲ, ನಮ್ಮ ಮನೆಯವರಿಗೆ ನಿದ್ದೆ ಬರಲ್ಲ.’

‘ಅದಕ್ಕೆ ನಾನು ಎಂತ ಮಾಡ್ಲಿ ಮಾರಾಯ್ರೇ.’

‘ಜಿಗಣೆ ಇದೆಯಾ?’

‘ಉಂಬಳವಾ? ಬೇಕಾದಷ್ಟು ಉಂಟು.’

‘ಜಿಗಣೆ ಇಲ್ಲದ ಕಡೆ ರೂಮ್ ಕೊಡಿ. ಐನೂರು ಜಾಸ್ತಿ ಆದರೂ ಪರವಾಗಿಲ್ಲ.’

ಈ ಕಡೆಯವರಿಗೆ ಕಾಡು ಬೇಕು, ಕಾಡಿನದ್ದು ಏನೂ ಬೇಡ. ಮಂಜು ಬೇಕು, ಆದರೆ ಫೋಟೋ ತೆಗೆಯೋವಾಗ ಸರಿಯಬೇಕು. ಜಲಪಾತ ಬೇಕು, ಮೈ ಒದ್ದೆ ಆಗಬಾರದು. ಸಿಂಗಳೀಕ ಗ್ಯಾರಂಟಿ ಕಾಣಿಸುತ್ತಾ ಅಂತ ಬೇರೆ ಕೇಳುತ್ತಾರೆ. ಅದು ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಕೋತಿ. ಎತ್ತರದ ಮರಗಳ ತುದಿಯಲ್ಲೇ ಹಣ್ಣು ಹುಡುಕಿಕೊಂಡು ಓಡಾಡೋ ಪ್ರಾಣಿ, ಕೆಳಗೆ ಇಳಿಯೋದು ಕಡಿಮೆ. ಹಾಗಂದರೆ ನಮ್ಮವರಿಗೆ ಬೇಜಾರು. ಚೆಕ್‌ಪೋಸ್ಟ್ ಹತ್ತಿರ ಚಿಪ್ಸ್ ಪ್ಯಾಕೆಟ್ ಕಸಿದುಕೊಳ್ಳೋ ಮಂಗವನ್ನೇ ಸಿಂಗಳೀಕ ಅಂತ ಸ್ಟೇಟಸ್‌ಗೆ ಹಾಕಿ ಸಮಾಧಾನ ಪಟ್ಟುಕೊಳ್ಳುತ್ತಾರೆ.

ಚಾರಣದ ದಿನದ ಕಥೆ ಸಣ್ಣದು. ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್. ಬೆಟ್ಟದ ಮೇಲೆ ರಾತ್ರಿ ಉಳಿಯೋ ಹಾಗಿಲ್ಲ. ದಾರಿಯಲ್ಲಿ ಒಂಟಿ ಮರ ಅಂತ ಒಂದು ಜಾಗ ಇದೆ. ಹೆಸರಿಗೆ ತಕ್ಕ ಹಾಗೆ ಬಯಲಲ್ಲಿ ಒಂಟಿಯಾಗಿ ನಿಂತ ಮರ. ಅದರ ಪಕ್ಕ ಒಂಟಿಯಾಗಿ ನಿಂತು ಫೋಟೋ ತೆಗೆಸಿಕೊಳ್ಳೋಕೆ ಕ್ಯೂ. ಹಿಂದಿನವರು ‘ಬೇಗ ಬೇಗ’ ಅಂತ ಕೂಗುತ್ತಿರುತ್ತಾರೆ. ಫೋಟೋ ಕೆಳಗಿನ ಸಾಲು ಮಾತ್ರ ‘ನಾನು ಮತ್ತು ಮೌನ’.

ಸುಮ್ನೆ ಚಾರಣಿಗರನ್ನೇ ಬೈದರೆ ಪಕ್ಷಪಾತ ಆಗುತ್ತದೆ. ಈ ಕಾಡನ್ನು ಅತಿ ಹೆಚ್ಚು ದಿನ ಬುಕ್ ಮಾಡಿದವರು ಚಾರಣಿಗರಲ್ಲ, ಕುದುರೆಮುಖ ಕಬ್ಬಿಣದ ಅದಿರು ಕಂಪನಿ. 1976ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಇರಾನಿಗೆ ಅದಿರು ಕಳಿಸೋಕೆ ಅಂತ, ಇರಾನಿನ ದುಡ್ಡಿನಲ್ಲೇ ಶುರುವಾದ ಯೋಜನೆ. 1979ರಲ್ಲಿ ಅಲ್ಲಿ ಕ್ರಾಂತಿ ಆಯ್ತು, ಕೊಳ್ಳೋರು ಕೈ ಎತ್ತಿದರು. ಅಷ್ಟಾದರೂ ಅಗೆತ ನಿಲ್ಲಲಿಲ್ಲ, ಬೇರೆ ಗಿರಾಕಿ ಹುಡುಕಿಕೊಂಡರು. ಬೆಟ್ಟ ಕಡಿದು, ಪುಡಿ ಮಾಡಿ, ನೀರಲ್ಲಿ ಕಲಸಿ, ಪೈಪಿನಲ್ಲಿ ಮಂಗಳೂರಿಗೆ ಹರಿಸಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯೂ ಆಯ್ತು, ಗಣಿಯೂ ನಡೆಯಿತು. ಎರಡಕ್ಕೂ ಒಂದೇ ಬೆಟ್ಟ! ಕಡೆಗೆ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2005ರ ಕೊನೆಗೆ ಗಣಿ ನಿಂತಿತು. ಅದಿರು ತೊಳೆದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತಿಗೂ ತುಂಬಿಕೊಂಡಿದೆ. ಅದೇ ದಾರಿಯ ಚೆಕ್‌ಪೋಸ್ಟ್‌ನಲ್ಲಿ ಈಗ ನಿಮ್ಮ ಚೀಲದಲ್ಲಿ ಬಿಸ್ಕತ್ ಪ್ಯಾಕೆಟ್ ಎಷ್ಟಿದೆ ಅಂತ ನೋಡುತ್ತಾರೆ. ನೋಡಲಿ, ನೋಡಬೇಕಾದ್ದೇ. ಕವರ್ ವಾಪಸ್ ತನ್ನಿ. ಬೆಟ್ಟವನ್ನೇ ಪೈಪಿನಲ್ಲಿ ಸಾಗಿಸಿದವರನ್ನೂ ಹೀಗೇ ಚೀಲ ಬಿಚ್ಚಿಸಿ ನೋಡಿದ್ದರೆ ಚೆನ್ನಾಗಿತ್ತು ಅಂತ ಒಂದು ಆಸೆ ಅಷ್ಟೇ.

ಇನ್ನೊಂದು ತಮಾಷೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದರಲ್ಲಿ ಹತ್ತು ಕರ್ನಾಟಕದವು. ಕುದುರೆಮುಖ, ಪುಷ್ಪಗಿರಿ ಎರಡೂ ಇದ್ದವು. ಖುಷಿ ಪಡಬೇಕಿತ್ತು ಅಲ್ವಾ? ನಮ್ಮ ರಾಜ್ಯ ಸರ್ಕಾರ ‘ಬೇಡ, ಬೇಡ’ ಅಂದಿತ್ತು. ಕಾಡಿಗೆ ಬೆಲೆ ಬಂದರೆ ಕಾನೂನೂ ಬರುತ್ತದೆ ಅನ್ನೋ ಹೆದರಿಕೆ. ಈಗ ಆ ಕಡೆ ರೆಸಾರ್ಟ್‌ಗಳ ಜಾಹೀರಾತು ನೋಡಿ. ‘ಯುನೆಸ್ಕೋ ವಿಶ್ವ ಪರಂಪರೆಯ ಮಡಿಲಲ್ಲಿ ಈಜುಕೊಳ’! ಬೇಡ ಅಂದಿದ್ದ ಬಿರುದನ್ನೇ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ.

ಪಶ್ಚಿಮ ಘಟ್ಟ ಉಳಿಸೋಕೆ ಅಂತ ಬಂದ ಕಸ್ತೂರಿರಂಗನ್ ವರದಿಯದ್ದೂ ಇದೇ ಹಾಡು. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಕೇಂದ್ರ ಕರಡು ಹೊರಡಿಸುತ್ತದೆ, ರಾಜ್ಯ ತಿರಸ್ಕರಿಸುತ್ತದೆ. 2024ರ ಜುಲೈನಲ್ಲಿ ಬಂದದ್ದು ಆರನೇ ಕರಡು. ಸೆಪ್ಟೆಂಬರ್‌ನಲ್ಲಿ ಸಂಪುಟ ಅದನ್ನೂ ಬೇಡ ಅಂದಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಒಂದು ವಿಷಯದಲ್ಲಿ ಜಗಳ ಇಲ್ಲ. ಘಟ್ಟದ ಜನರಿಗೆ ತಮ್ಮ ತೋಟ, ಮನೆ ಏನಾಗುತ್ತೋ ಅನ್ನೋ ಭಯ ಇದೆ, ಆ ಭಯ ಸುಳ್ಳಲ್ಲ. ಕೂತು ವಿವರಿಸೋ ತೊಂದರೆ ಯಾರೂ ತಗೊಳ್ಳೋದಿಲ್ಲ. ಅದರ ಬದಲು ಜೂನ್ 5ರಂದು ‘ಪ್ಲಾಸ್ಟಿಕ್ ಮುಕ್ತ ಮಲೆನಾಡು’ ಅಂತ ಫ್ಲೆಕ್ಸ್ ಕಟ್ಟಿ ಒಂದು ಗಿಡ ನೆಡೋದು ಸುಲಭ. ಫ್ಲೆಕ್ಸ್ ಅನ್ನೇ ಈ ರಾಜ್ಯದಲ್ಲಿ 2016ರಲ್ಲಿ ನಿಷೇಧ ಮಾಡಿದ್ದು, ಹೌದು.

ಕಾಡಿನ ಒಳಗೆ ಇರೋ ಮಲೆಕುಡಿಯ ಬುಡಕಟ್ಟಿನ ಕುಟುಂಬಗಳಿಗೆ ಯಾವ ಟಿಕೆಟ್ ಅಂತ ಕೇಳಬೇಡಿ. ಅವರು ರಾಷ್ಟ್ರೀಯ ಉದ್ಯಾನಕ್ಕಿಂತ ಹಳಬರು. ರಸ್ತೆಗೆ ಜಲ್ಲಿ ಹಾಕಿ ಅಂದರೆ ‘ಅರಣ್ಯ ಕಾನೂನು’. ಕರೆಂಟ್ ಕಂಬ ಅಂದರೂ ‘ಅರಣ್ಯ ಕಾನೂನು’. ರೋಗಿಯನ್ನು ಜೋಳಿಗೆಯಲ್ಲಿ ಹೊತ್ತು ತಂದ ಸುದ್ದಿ ಕಳಸದ ಕಡೆಯಿಂದ ಆಗಾಗ ಬರುತ್ತಲೇ ಇರುತ್ತದೆ. ಬೇಡ ಅಂದರೆ ಪರಿಹಾರ ತಗೊಂಡು ಹೊರಗೆ ಹೋಗಿ ಅನ್ನುತ್ತಾರೆ. ಹೊರಗಿನವರು ಒಳಗೆ ಬರೋಕೆ ದುಡ್ಡು ಕೊಡಬೇಕು, ಒಳಗಿನವರು ಹೊರಗೆ ಹೋಗೋಕೆ ದುಡ್ಡು ತಗೋಬೇಕು. ಇಲಾಖೆಯ ಈ ಲೆಕ್ಕಾಚಾರ ಯಾವ ಎಂಬಿಎ ಕಾಲೇಜಿನಲ್ಲೂ ಕಲಿಸೋದಿಲ್ಲ. ಬೆಂಗಳೂರಿನಿಂದ ಬಂದವರು ಮಾತ್ರ ಅದೇ ಕೆಸರಿನ ದಾರಿಯಲ್ಲಿ ಜೀಪಿನ ಕಂಬಿ ಹಿಡಿದು ‘ಆಫ್‌ರೋಡ್, ಸೂಪರ್!’ ಅಂತ ವಿಡಿಯೋ ಮಾಡುತ್ತಿರುತ್ತಾರೆ.

ಟಿಕೆಟ್ ಸಿಗದವರು ಏನು ಮಾಡುತ್ತಾರೆ? ಸುಮ್ನೆ ಮನೆಗೆ ಹೋಗೋ ಜಾತಿ ಅಲ್ಲ ನಮ್ಮದು. ಚಾರ್ಮಾಡಿ ಘಾಟಿಯಲ್ಲಿ ಕಾರು ಅಡ್ಡ ನಿಲ್ಲಿಸಿ, ‘ಇಳಿಯಬೇಡಿ’ ಅನ್ನೋ ಬೋರ್ಡಿಗೆ ಶರ್ಟ್ ನೇತು ಹಾಕಿ ಜಲಪಾತಕ್ಕೆ ಇಳಿಯುತ್ತಾರೆ. 2024ರ ಜುಲೈನಲ್ಲಿ ಪೊಲೀಸರಿಗೆ ಹೇಳಿ ಹೇಳಿ ಸಾಕಾಯ್ತು ಅಂತ ಕಾಣುತ್ತದೆ. ನೀರಲ್ಲಿದ್ದವರ ಬಟ್ಟೆಗಳನ್ನೇ ಎತ್ತಿಕೊಂಡು ಹೊರಟರು. ಒದ್ದೆ ಮೈಯಲ್ಲಿ ಜೀಪಿನ ಹಿಂದೆ ‘ಸಾರ್, ಪ್ಯಾಂಟ್ ಸಾರ್’ ಅಂತ ಓಡಿದವರನ್ನು ರಾಜ್ಯವೇ ನೋಡಿ ನಕ್ಕಿತು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಗೋವಾದ ದೂಧ್‌ಸಾಗರ ನೋಡೋಕೆ ರೈಲು ಹಳಿ ಮೇಲೆ ನಡೆದು ಹೋದ ಹುಡುಗರಿಗೆ ಪೊಲೀಸರು ಬಸ್ಕಿ ಹೊಡೆಸಿದ್ದರು. ಹಳಿ ಪಕ್ಕ, ಮಳೆಯಲ್ಲಿ, ಸಾಲಾಗಿ. ಶಾಲೆ ಬಿಟ್ಟ ಮೇಲೆ ಕಿವಿ ಹಿಡಿಯೋ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ. ಎರಡು ವಿಡಿಯೋಗಳೂ ಆ ವಾರಾಂತ್ಯದ ಯಾವ ಜಲಪಾತದ ರೀಲ್ಸ್‌ಗಿಂತಲೂ ಜಾಸ್ತಿ ಓಡಿದವು.

ಇಷ್ಟೆಲ್ಲ ದಾಟಿ ಸೋಮವಾರ ಬೆಳಗಿನ ಜಾವ ಟೆಂಪೋ ಟ್ರಾವೆಲರ್ ಮೆಜೆಸ್ಟಿಕ್ ಮುಟ್ಟುತ್ತದೆ. ಕೆಸರಿನ ಬೂಟು ಬಿಚ್ಚೋ ಮೊದಲು ಮಾಡಬೇಕಾದ ಕೆಲಸ ಒಂದಿದೆ, ರಿವ್ಯೂ ಬರೆಯೋದು. ರಾಷ್ಟ್ರೀಯ ಉದ್ಯಾನಕ್ಕೆ ಮೂರು ಸ್ಟಾರ್: ‘ಮಂಜು ಜಾಸ್ತಿ, ಏನೂ ಕಾಣಲಿಲ್ಲ. ನಿರ್ವಹಣೆ ಸುಧಾರಿಸಬೇಕು.’ ಬೆಟ್ಟಕ್ಕೆ ಎರಡು: ‘ತುಂಬಾ ಏರು.’ ಹೋಂಸ್ಟೇಗೂ ಎರಡೇ: ‘ಊಟ ಚೆನ್ನಾಗಿತ್ತು. ನೀರ್‌ದೋಸೆ ಸೂಪರ್. ಆದರೆ ಜಿಗಣೆ ಇರುತ್ತವೆ ಅಂತ ಮೊದಲೇ ತಿಳಿಸಿರಲಿಲ್ಲ.’

ಅದರ ಕೆಳಗೆ ಹೋಂಸ್ಟೇಯವರು ಸಿಗ್ನಲ್ ಸಿಕ್ಕ ದಿನ ಉತ್ತರ ಹಾಕಿರುತ್ತಾರೆ: ‘ನಿಮಗೂ ತಿಳಿಸಿದ್ದೆ ಸಾರ್, ಅವಕ್ಕೂ ತಿಳಿಸಿದ್ದೆ.’