ಸಂಸ್ಕೃತೀಕರಣ ಕುರಿತ ಟಿಪ್ಪಣಿ: ಒಂದು ಸ್ಪಷ್ಟನೆ

ಸಮಾಜಶಾಸ್ತ್ರ ಎಂ.ಎ. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ 'ಸಂಸ್ಕೃತೀಕರಣ' ಪರಿಕಲ್ಪನೆಯ ಬಗ್ಗೆ ಒಂದು ಪರೀಕ್ಷಾ ಟಿಪ್ಪಣಿ ಹರಿದಾಡುತ್ತಿದೆ. "ಎಂ.ಎನ್. ಶ್ರೀನಿವಾಸರ ಪ್ರಕಾರ ಸಂಸ್ಕೃತೀಕರಣವೆಂದರೆ ಕೆಳಜಾತಿಗಳು ಬ್ರಾಹ್ಮಣರನ್ನು ಅನುಕರಿಸುವುದು, ಇದರಿಂದ ಜಾತಿವ್ಯವಸ್ಥೆ ಕ್ರಮೇಣ ಅಳಿಯುತ್ತದೆ" ಎಂದು ಅದರಲ್ಲಿದೆ. ಎರಡನೆಯ ಮಾತು ಪೂರ್ತಿ ತಪ್ಪು, ಮೊದಲನೆಯದು ಅರೆಸತ್ಯ.

ಕೊಡವರ ಕುರಿತ 1952ರ ಗ್ರಂಥದಲ್ಲಿ ಶ್ರೀನಿವಾಸರು ಬ್ರಾಹ್ಮಣ ಮಾದರಿಗೇ ಒತ್ತು ಕೊಟ್ಟಿದ್ದು ನಿಜ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1966ರ 'ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ'ದಲ್ಲಿ ಅನುಕರಣೆಗೆ ಒಳಗಾಗುವುದು ಒಂದು ಮೇಲ್ಜಾತಿ, ಅನೇಕ ವೇಳೆ ದ್ವಿಜ (ಉಪನಯನದ ಹಕ್ಕುಳ್ಳ) ಜಾತಿ, ಎಂದು ವ್ಯಾಖ್ಯೆಯನ್ನು ವಿಸ್ತರಿಸಿದರು. ಕ್ಷತ್ರಿಯ, ವೈಶ್ಯ ಮಾದರಿಗಳೂ, ಆಯಾ ಊರಿನ ಪ್ರಬಲ ಜಾತಿಯ (ಜನಸಂಖ್ಯೆ, ಭೂಮಿ, ಅಧಿಕಾರಗಳಲ್ಲಿ ಮುಂದಿರುವ ಜಾತಿಯ) ಪ್ರಭಾವವೂ ಅವರ ಚರ್ಚೆಯಲ್ಲಿವೆ. ತಮ್ಮದೇ ಪರಿಕಲ್ಪನೆಯನ್ನು ಅವರು ಹೀಗೆ ತಿದ್ದಿಕೊಂಡದ್ದೇ ಇಲ್ಲಿ ಕಲಿಯಬೇಕಾದ ಮುಖ್ಯ ಭಾಗವೆಂದು ನನಗನಿಸುತ್ತದೆ. ಟಿಪ್ಪಣಿ ಬಿಟ್ಟಿರುವುದೂ ಅದನ್ನೇ.

ಜಾತಿ ಅಳಿಯುತ್ತದೆಂದು ಅವರು ಹೇಳಿಲ್ಲ. ಒಂದು ಜಾತಿ ನೆರೆಯ ಜಾತಿಗಳಿಗಿಂತ ಮೇಲೇರಬಹುದು, ಇನ್ನೊಂದು ಇಳಿಯಬಹುದು. ಜಾತಿಗಳ ಮೇಲುಕೀಳಿನ ಶ್ರೇಣೀಕರಣ ಮಾತ್ರ ಹಾಗೆಯೇ ಉಳಿಯುತ್ತದೆ. ಬದಲಾಗುವುದು ಸ್ಥಾನ, ರಚನೆಯಲ್ಲ ಎಂಬುದು ಅದೇ ಪುಸ್ತಕದಲ್ಲಿ ಸ್ಪಷ್ಟವಾಗಿದೆ.

ದಯವಿಟ್ಟು ಆ ಟಿಪ್ಪಣಿಯನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ. 1966ರ ಪುಸ್ತಕದ ಮೊದಲ ಅಧ್ಯಾಯವನ್ನು ಪರೀಕ್ಷೆಗೆ ಮುನ್ನ ಖುದ್ದಾಗಿ ಓದಿಕೊಳ್ಳಿ.